ನಿಂತಲ್ಲೇ ನಡುಗುವ ಪಿಕಪ್: ಬೋರ್ ಮಾಡಿಸುವ ಮುನ್ನ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ ಭಾಗದ ಪಿಕಪ್‌ಗಳಿಗೆ ಬಿಡುವೇ ಇರುವುದಿಲ್ಲ. ಗಾಣದಿಂದ ಮಹಾಲಿಂಗಪುರದ ಪೇಟೆಗೆ ಬೆಲ್ಲ, ರಬಕವಿ-ಬನಹಟ್ಟಿಯ ಮಗ್ಗಗಳಿಗೆ ನೂಲು, ಅಲ್ಲಿಂದ ಸೀರೆಯ ಗಂಟು, ಬೀಳಗಿಯ ಹಳ್ಳಿಗಳಿಂದ ಉಳ್ಳಾಗಡ್ಡಿ ಚೀಲ ಎಲ್ಲವೂ ಇವುಗಳ ಮೇಲೆಯೇ ಸಾಗಬೇಕು. ಹಳೆಯ ಬೊಲೆರೊ ಪಿಕಪ್, ಟಾಟಾ 207, ಟಾಟಾ ಏಸ್‌ಗಳ ಮಾಲೀಕರು ಗ್ಯಾರೇಜಿಗೆ ಬಂದು ಹೇಳುವ ದೂರು ಹೆಚ್ಚುಕಡಿಮೆ ಒಂದೇ: "ಓಡುವಾಗ ಚಲೋ ಐತ್ರಿ, ನಿಂತಾಗ ಮಿಸ್ಸಿಂಗ್ ಹೊಡಿಯಾಕತ್ತೈತಿ." ಆಮೇಲೆ ಸಲಹೆಗಳ ಸುರಿಮಳೆ. ಅವುಗಳಲ್ಲಿ ಕೆಲವು ದುಬಾರಿ, ಕೆಲವು ಅಪಾಯಕಾರಿ.

ತಪ್ಪು ಕಲ್ಪನೆ: ಎಂಜಿನ್ ನಡುಗಿದರೆ ಬೋರ್ ಹೋಗಿದೆ.

ಸತ್ಯ: ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ, ಸವೆದರೂ ನಡುಕ ಬರುತ್ತದೆ, ಆದರೆ ಬೇರೆ ಸಾಕ್ಷಿಗಳೂ ಜೊತೆಗಿರುತ್ತವೆ. ಆಯಿಲ್ ಕ್ಯಾಪ್ ತೆಗೆದರೆ ಒತ್ತಡದಿಂದ ಹೊಗೆ ಉಗಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಆಯಿಲ್ ಬೇಗ ಇಳಿಯುತ್ತದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಇವು ಯಾವುವೂ ಇಲ್ಲದಿದ್ದರೆ ಮೊದಲು ಡೀಸೆಲ್ ಬರುವ ದಾರಿಯನ್ನು ನೋಡಬೇಕು.

ಎಂಜಿನ್ ಸರಿಯಿದ್ದೂ ಕ್ಯಾಬಿನ್ ನಡುಗುವುದುಂಟು. ಸೈಲೆನ್ಸರ್ ಬಾಯಿಯ ಸದ್ದು ಒಂದೇ ಲಯದಲ್ಲಿದ್ದು ಸ್ಟೇರಿಂಗ್ ಮಾತ್ರ ಅದುರುತ್ತಿದ್ದರೆ, ಎಂಜಿನ್ ಕೂರಿಸಿದ ಮೌಂಟಿಂಗ್ ರಬ್ಬರ್ ಹರಿದಿರುವ ಸಾಧ್ಯತೆ ಹೆಚ್ಚು. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನದು 702 ಸಿಸಿಯ ಎರಡೇ ಸಿಲಿಂಡರ್‌ನ ಎಂಜಿನ್. ನಾಲ್ಕು ಸಿಲಿಂಡರ್‌ನ ಗಾಡಿಗಿಂತ ಅದು ಸ್ವಲ್ಪ ಹೆಚ್ಚು ಅದುರುವುದು ಸಹಜ.

ತಪ್ಪು ಕಲ್ಪನೆ: ಡೀಸೆಲ್ ಹೊರಗೆ ಸೋರುತ್ತಿಲ್ಲ, ಹಾಗಾಗಿ ಪೈಪ್ ಸರಿಯಾಗಿದೆ.

ಸತ್ಯ: ಹಳೆಯ ಗಾಡಿಗಳ ಮಟ್ಟಿಗೆ ಇದೇ ಅತಿ ದೊಡ್ಡ ತಪ್ಪು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಒತ್ತಡದಲ್ಲಿ ಹರಿಯುವುದಿಲ್ಲ, ಪಂಪ್ ಅದನ್ನು ಹೀರಿಕೊಳ್ಳುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ನಾಲ್ಕು ಸಿಲಿಂಡರ್‌ನ ಎಂಜಿನ್ 800 ಸುತ್ತಿನಲ್ಲಿ ನಿಂತಿದ್ದರೆ ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು. ಡೀಸೆಲ್ ಜೊತೆ ಗಾಳಿಗುಳ್ಳೆ ಬಂದಾಗ ಆ ಸರದಿ ತಪ್ಪುತ್ತದೆ, ಎಂಜಿನ್ ಕುಣಿಯುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದಕ್ಕೂ ಇದೇ ಕಾರಣವಿರಬಹುದು: ಗಾಳಿ ಹೊಕ್ಕ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸಾಗಿರುತ್ತದೆ.

ಪರೀಕ್ಷೆ ಸುಲಭ. ಫೀಡ್ ಪಂಪಿಗೆ ಬರುವ ಪೈಪಿನ ನಡುವೆ ಡೀಸೆಲ್ ತಡೆಯುವ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ ಎಂಜಿನ್ ಚಾಲೂ ಮಾಡಿದರೆ, ಹಳದಿ ಡೀಸೆಲ್ಲಿನಲ್ಲಿ ಗುಳ್ಳೆಗಳು ಸಾಲಾಗಿ ಓಡುವುದು ಕಣ್ಣಿಗೇ ಕಾಣುತ್ತದೆ. ಟ್ಯಾಂಕಿನ ಪೈಪ್ ಬಿಚ್ಚಿ, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ ಕೊಟ್ಟಾಗ ನಡುಕ ನಿಂತರೆ ದೋಷ ಟ್ಯಾಂಕ್ ಅಥವಾ ಅದರ ಪೈಪಿನಲ್ಲಿದೆ ಎಂದು ಖಾತ್ರಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಳೆಯ ರಬ್ಬರ್ ಹೋಸ್ ಒಣಗಿ ಸೀಳುವುದು ಸಾಮಾನ್ಯ. ಹೋಸ್, ಕ್ಲಿಪ್, ವಾಷರ್ ಬದಲಿಸುವ ಖರ್ಚು ಬೋರ್ ಕೆಲಸದ ಮುಂದೆ ಏನೇನೂ ಅಲ್ಲ.

ತಪ್ಪು ಕಲ್ಪನೆ: ಐಡ್ಲಿಂಗ್ ಸ್ಕ್ರೂ ತಿರುವಿ ರೇಸ್ ಏರಿಸಿದರೆ ಸಮಸ್ಯೆ ಮುಗಿಯಿತು.

ಸತ್ಯ: ರೇಸ್ ಏರಿದಾಗ ನಡುಕ ಅಡಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ನಾಲ್ಕು ಸಿಲಿಂಡರ್‌ನ ಡೀಸೆಲ್ ಪಿಕಪ್‌ಗಳು ಸಾಮಾನ್ಯವಾಗಿ 750ರಿಂದ 850 ಸುತ್ತಿನಲ್ಲಿ ನಿಲ್ಲಬೇಕು. ಅದಕ್ಕಿಂತ ಮೇಲೆ ಇಟ್ಟರೆ ಲೋಡಿಂಗ್‌ಗೆ ಕಾಯುವ ಹೊತ್ತಿನಲ್ಲೆಲ್ಲ ಡೀಸೆಲ್ ವ್ಯರ್ಥವಾಗುತ್ತದೆ.

ತಪ್ಪು ಕಲ್ಪನೆ: ಪ್ಲಗ್ ತೆಗೆದು ಉಜ್ಜಿದರೆ ಸರಿಹೋಗುತ್ತದೆ.

ಸತ್ಯ: ಇದು ಪೆಟ್ರೋಲ್ ಗಾಡಿಯ ಮದ್ದು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಒತ್ತಿ ಕಾಯ್ದ ಗಾಳಿಯಲ್ಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿರುವ ಹೀಟರ್ ಪ್ಲಗ್ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಲು ನೆರವಾಗುತ್ತದೆ. ಕಾದ ಎಂಜಿನ್ ನಡುಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಪಂಪ್, ನಾಝಲ್ ಸ್ವಚ್ಛವಾಗುತ್ತವೆ.

ಸತ್ಯ: ಪಂಪಿನ ಪ್ಲಂಜರ್‌ನ ಸುತ್ತಲೂ ನಾಝಲ್‌ನ ಸೂಜಿಯ ಸುತ್ತಲೂ ಇರುವ ಸಂದು ಕೆಲವೇ ಮೈಕ್ರಾನ್. ಅಲ್ಲಿ ಸವೆತ ತಡೆಯುವುದು ಡೀಸೆಲ್ಲಿನ ಜಿಡ್ಡು. ಸೀಮೆಎಣ್ಣೆಗೆ ಆ ಜಿಡ್ಡು ಕಡಿಮೆ, ಹಾಗಾಗಿ ಸ್ವಚ್ಛಗೊಳಿಸುವ ಹೆಸರಿನಲ್ಲಿ ಅದು ಸವೆಸುತ್ತದೆ. ನಿಜವಾಗಿ ತೆಗೆಯಬೇಕಾದದ್ದು ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದರೆ ಮೇಲೆ ಡೀಸೆಲ್, ಕೆಳಗೆ ನೀರು ಬೇರೆಬೇರೆಯಾಗಿ ನಿಲ್ಲುತ್ತವೆ. ಹಂಗಾಮಿನಲ್ಲಿ ಈ ಕೆಲಸ ಆಗಾಗ ಆಗಬೇಕು, ಫಿಲ್ಟರ್ ಕೂಡ ಅವಧಿಗೆ ಬದಲಾಗಬೇಕು.

ತಪ್ಪು ಕಲ್ಪನೆ: ನಾಝಲ್ ಪೈಪ್ ಸಡಿಲಿಸಿ ನೋಡುವ ವಿಧಾನ ಎಲ್ಲ ಡೀಸೆಲ್ ಗಾಡಿಗೂ ನಡೆಯುತ್ತದೆ.

ಸತ್ಯ: ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ನುರಿತ ಮೆಕ್ಯಾನಿಕ್ ಒಂದೊಂದೇ ನಾಝಲ್‌ನ ನಟ್ ಸಡಿಲಿಸುತ್ತಾನೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಕಾಮನ್ ರೇಲ್ ಗಾಡಿಯಲ್ಲಿ ಹೀಗೆ ಮಾಡಲೇಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟಬಲ್ಲದು. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕು ಕೈಯನ್ನೇ ಕಳೆಯಬಹುದು. ಅಂಥ ಗಾಡಿಗೆ ಸ್ಕ್ಯಾನರ್ ಹಚ್ಚಿ ನೋಡುವುದೇ ದಾರಿ.

ಡೀಸೆಲ್ ದಾರಿ ಸ್ವಚ್ಛವಾದ ಮೇಲೂ ನಡುಕ ನಿಲ್ಲದಿದ್ದರೆ ಏರ್ ಫಿಲ್ಟರ್, ಮೌಂಟಿಂಗ್, ಟ್ಯಾಪೆಟ್ ಸೆಟ್ಟಿಂಗ್, ನಾಝಲ್ ಪರೀಕ್ಷೆ ಈ ಸಾಲಿನಲ್ಲಿ ಮುಂದುವರಿಯಬೇಕು. ಬೋರ್ ಮಾತು ಬರುವುದು ಕೊನೆಗೆ. ಎಂಜಿನ್ ಬಿಚ್ಚಬೇಕು ಎಂದವರನ್ನು ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಎಷ್ಟು ಬಂತು ಎಂದು ಕೇಳಿ. ಗೇಜ್ ಹಾಕಿ ಅಳೆದು ತೋರಿಸುವವರೆಗೆ ಹೆಡ್ ಬಿಚ್ಚಲು ಒಪ್ಪಬೇಡಿ.