ಪೈಪು ಹಾಗೇ ಇರಲಿ, ರೇಡಿಯೇಟರ್ ಬದಲಾಗಲಿ

ಬ್ರಿಟನ್ನಿನ ಮನೆಗಳಲ್ಲಿ ಸಾಮಾನ್ಯವಾಗಿ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿದಂತೆ ಉಕ್ಕಿನ ರೇಡಿಯೇಟರ್ ಇರುತ್ತದೆ. ಬಾಯ್ಲರಿನಲ್ಲಿ ಕಾದ ನೀರು ಒಂದು ಪೈಪಿನಿಂದ ಒಳಬಂದು, ಕೋಣೆಗೆ ಶಾಖ ಕೊಟ್ಟು, ಇನ್ನೊಂದರಿಂದ ಮರಳುತ್ತದೆ. ದಶಕಗಳ ದುಡಿಮೆಯಲ್ಲಿ ಉಕ್ಕು ಒಳಗಿನಿಂದ ತುಕ್ಕು ಹಿಡಿದು, ಮ್ಯಾಗ್ನಟೈಟ್ ಎಂಬ ಕಪ್ಪು ಕೆಸರಾಗಿ ತಳದಲ್ಲಿ ಕೂರುತ್ತದೆ. ಮೇಲೆ ಮುಟ್ಟಿದರೆ ಬಿಸಿ, ಕೆಳಗೆ ತಣ್ಣಗೆ. ಮೇಲ್ಭಾಗವೇ ತಣ್ಣಗಿದ್ದರೆ ಅದು ಸಿಕ್ಕಿಕೊಂಡ ಗಾಳಿ. ತುದಿಯ ಪುಟ್ಟ ತಿರುಪು ಸಡಿಲಿಸಿ ಬಿಟ್ಟರಾಯಿತು, ಹೊಸದು ಬೇಡ.

ಬದಲಿಸಲು ಹೊರಟವರನ್ನು ಹೆದರಿಸುವುದು ಪೈಪು. 15 ಮಿ.ಮೀ. ತಾಮ್ರದ ಕೊಳವೆಗಳು ಮರದ ನೆಲದಡಿ ಹೋಗಿರುತ್ತವೆ. ಸರಿಸಬೇಕೆಂದರೆ ಕಾರ್ಪೆಟ್ ಎತ್ತಿ ಹಲಗೆ ಕೀಳಬೇಕು. ಬಹಳಷ್ಟು ಮನೆಗಳಲ್ಲಿ ಅದರ ಅಗತ್ಯವೇ ಇಲ್ಲ, ಮೊದಲು ಸರಿಯಾಗಿ ಅಳೆದರೆ. ರೇಡಿಯೇಟರಿನ ಉದ್ದವಷ್ಟೇ ಸಾಲದು. ಎರಡೂ ಪೈಪುಗಳ ನಟ್ಟನಡುವಿನ ಅಂತರ, ಗೋಡೆಯಿಂದ ಪೈಪಿಗಿರುವ ದೂರ ಎರಡೂ ಬೇಕು. ಹಳೆಯವು ಇಂಚಿನ ಲೆಕ್ಕದವು. 48 ಇಂಚೆಂದರೆ 1219 ಮಿ.ಮೀ., ಇಂದು ಸಿಗುವುದು 1200. ಆ 19 ಮಿ.ಮೀ. ಕೊರತೆಯನ್ನು ವಾಲ್ವಿಗೂ ರೇಡಿಯೇಟರಿಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ತುಂಡು ತುಂಬಿಕೊಡುತ್ತದೆ. ವಾಲ್ವು ಕೂರುವ ಅರ್ಧ ಇಂಚಿನ ತಿರುಪಿನ ಮರೆ ಇಂದಿಗೂ ಅದೇ. ಹಾಗಾಗಿ ತುಸು ಗಿಡ್ಡದನ್ನು ಧೈರ್ಯವಾಗಿ ಕೊಳ್ಳಬಹುದು, ಉದ್ದದ್ದನ್ನು ಮಾತ್ರ ಕೊಳ್ಳಬಾರದು.

ಉದ್ದ ಹೆಚ್ಚಿಸದೆ ಶಾಖ ಹೆಚ್ಚಿಸುವ ದಾರಿ ದಪ್ಪದಲ್ಲಿದೆ. ಟೈಪ್ 11ರಲ್ಲಿ ನೀರು ಹರಿಯುವ ಒಂದು ಫಲಕ, ಅದರ ಬೆನ್ನಿಗೆ ಒಂದು ಸಾಲು ಮಡಿಕೆ ತಗಡು; ಟೈಪ್ 22ರಲ್ಲಿ ಎರಡೆರಡು. ತಗಡಿನ ಸಂದಿಗಳಲ್ಲಿ ಕಾದ ಗಾಳಿ ಮೇಲೇರುತ್ತದೆ, ತಂಪು ಗಾಳಿ ಕೆಳಗಿನಿಂದ ನುಗ್ಗುತ್ತದೆ. ಅಷ್ಟೇ ಅಗಲ-ಎತ್ತರದಲ್ಲಿ ಶಾಖ ಸುಮಾರು ಇಮ್ಮಡಿಗೆ ಹತ್ತಿರವಾಗುತ್ತದೆ. ಬಾಯ್ಲರಿಗಿಂತ ಕಡಿಮೆ ಬಿಸಿಯ ನೀರು ಕಳಿಸುವ ಹೀಟ್ ಪಂಪಿಗೆ ಹೊರಳುವ ಮನೆಗಳಿಗೆ ಇದು ವರದಾನವೇ ಸರಿ. ಕ್ಯಾಟಲಾಗಿನ ವ್ಯಾಟ್ ಲೆಕ್ಕ ಸಾಮಾನ್ಯವಾಗಿ ಕೋಣೆಗಿಂತ ನೀರು 50 ಡಿಗ್ರಿ ಹೆಚ್ಚು ಬಿಸಿ ಇದ್ದಾಗಿನದು; ಈ ವ್ಯತ್ಯಾಸ 30ಕ್ಕೆ ಇಳಿದರೆ ಶಾಖ ಅರ್ಧದಷ್ಟೇ. ದಪ್ಪ ರೇಡಿಯೇಟರ್ ಗೋಡೆಯಿಂದ ಇನ್ನಷ್ಟು ಮುಂದೆ ಬರುತ್ತದೆ ಎಂಬುದೊಂದೇ ತೊಡಕು. ನೆಲದಿಂದ ಎದ್ದ ಪೈಪು ಕೊಂಚ ಬಾಗುತ್ತದೆ, ಆದರೆ ಜಗ್ಗಿ ಕೂರಿಸಬಾರದು. ಜಗ್ಗಿದರೆ ವಾಲ್ವಿನ ಜೋಡಣೆ ಸೋರತೊಡಗುತ್ತದೆ.

ಬಿಚ್ಚುವಾಗ ಎರಡು ಎಚ್ಚರ ಬೇಕು. ಒಂದು ತುದಿಯ ಥರ್ಮೋಸ್ಟ್ಯಾಟ್ ವಾಲ್ವನ್ನು ಕಡಿಮೆ ಗುರುತಿಗೆ ತಿರುಗಿಸಿ ಬಿಟ್ಟರೆ ಸಾಲದು. ನೀರು ಹೆಪ್ಪುಗಟ್ಟದಂತೆ ಕಾಯುವುದೂ ಅದರ ಕೆಲಸ, ಕೋಣೆ ತೀರಾ ತಣ್ಣಗಾದರೆ ತಾನೇ ತೆರೆದುಕೊಂಡು ನೆಲವೆಲ್ಲ ಕಪ್ಪು ನೀರಾದೀತು. ತಲೆಯನ್ನು ತೆಗೆದು ಮುಚ್ಚಳ ಬಿಗಿಯಬೇಕು. ಇನ್ನೊಂದು ತುದಿಯ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿ ಮುಚ್ಚಿದಿರೋ ಬರೆದಿಡಿ; ಅಷ್ಟೇ ಸುತ್ತು ತೆರೆದರೆ ಉಳಿದ ಕೋಣೆಗಳ ಪಾಲಿನ ನೀರು ಏರುಪೇರಾಗುವುದಿಲ್ಲ.

ಹೊಸ ನೀರಿನ ಜೊತೆ ಆಮ್ಲಜನಕವೂ ಬರುತ್ತದೆ, ತುಕ್ಕು ಮತ್ತೆ ಶುರು. ಹೀಗಾಗಿ ತುಕ್ಕುನಿರೋಧಕ ದ್ರವ ಬೆರೆಸಿ, ಗಾಳಿ ಬಿಟ್ಟು, ಮುಚ್ಚಿದ ವ್ಯವಸ್ಥೆಯಾದರೆ ತಣ್ಣಗಿರುವಾಗ ಬಾಯ್ಲರಿನ ಒತ್ತಡವನ್ನು 1ರಿಂದ 1.5 ಬಾರ್‌ಗೆ ತರಬೇಕು.