ನೀರಿನ ಲೆಕ್ಕ ಕೇಳುವ ಸೀಮೆ

ಸಿದ್ದಾಪುರ ಕಡೆಯ ಒಂದು ಮನೆ. ಹಾಲು ಕರೆದಾದ ಮೇಲೆ ದೊಡ್ಡಮ್ಮ ಕೊಟ್ಟಿಗೆಯ ಸಗಣಿಯನ್ನು ಬುಟ್ಟಿಯಲ್ಲಿ ತಂದು ಸಿಮೆಂಟಿನ ತೊಟ್ಟಿಗೆ ಸುರಿದಳು. ಅಷ್ಟೇ ನೀರು ಹೊಯ್ದು, ಕೈಯಲ್ಲೇ ಕಲಸಿ, ಹುಲ್ಲುಕಡ್ಡಿ ಆರಿಸಿ ತೆಗೆದಳು. ಬಗ್ಗಡ ಗುಳುಗುಳು ಎಂದು ಗುಂಡಿಗಿಳಿಯಿತು. ಒಳಗೆ ಗೋಬರ್ ಗ್ಯಾಸಿನ ನೀಲಿ ಉರಿಯ ಮೇಲೆ ತೆಳ್ಳೇವು ದೋಸೆ ಬೇಯುತ್ತಿತ್ತು. ಉಳಿದ ಸ್ಲರಿ ಅಡಿಕೆ ತೋಟಕ್ಕೆ.

ಗ್ಯಾಸಿನ ಮಾತು ಬಂತೆಂದು ದೊಡ್ಡಮ್ಮನಿಗೆ ಶೇಲ್ ಎಂಬ ಕಲ್ಲಿನೊಳಗಿನ ಗ್ಯಾಸಿನ ಕಥೆ ಹೇಳಿದೆ. ಕಿಲೋಮೀಟರುಗಟ್ಟಲೆ ಆಳಕ್ಕೆ ಕೊರೆದು, ಮರಳು, ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲು ಸೀಳುತ್ತಾರೆ. ಒಂದೊಂದು ಬಾವಿಗೂ ಕೋಟಿ ಲೀಟರ್ ಲೆಕ್ಕದಲ್ಲಿ ನೀರು ಬೇಕು. ದೊಡ್ಡಮ್ಮ ಕೈ ತೊಳೆಯುತ್ತ ಕೇಳಿದ್ದು ಒಂದೇ: “ಅಷ್ಟು ನೀರ ಎಲ್ಲಿಂದ ತತ್ತಡಾ ತಮಾ?”

ಶೇಲ್ ಗ್ಯಾಸ್ ಹುಡುಕಿಕೊಂಡು ಘಟ್ಟಕ್ಕೆ ಯಾರೂ ಬರಲಿಕ್ಕಿಲ್ಲ. ನಮ್ಮ ಕಾಲಡಿಯದು ಬಹು ಹಳೆಯ ಗಡಸು ಕಲ್ಲು. ದೇಶದಲ್ಲಿ ಒಎನ್‌ಜಿಸಿಗೆ ಶೇಲ್ ಗ್ಯಾಸ್ ಮೊದಲು ಸಿಕ್ಕಿದ್ದು 2011ರಲ್ಲಿ, ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ. ಆದರೆ ದೊಡ್ಡಮ್ಮ ಕೇಳಿದಂಥ ಲೆಕ್ಕದ ಪ್ರಶ್ನೆಗೆ ಇಲ್ಲಿ ನಾಲ್ಕು ದಶಕ ದಾಟಿದ ವಯಸ್ಸು.

ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುವ ಯೋಜನೆ ಬಂದಾಗ ಶಿರಸಿಯವರು ಬರೀ ಘೋಷಣೆ ಕೂಗಲಿಲ್ಲ, ಲೆಕ್ಕ ಹಾಕಿದರು. 1923ರಲ್ಲಿ ಹುಟ್ಟಿದ ತೋಟಗಾರರ ಸೊಸೈಟಿ, ನಮ್ಮ ಟಿಎಸ್‌ಎಸ್, ಅದಕ್ಕೆ ಮುಂದಾಯಿತು. 1981ರಲ್ಲಿ ಶಿರಸಿಗೇ ವಿಜ್ಞಾನಿಗಳನ್ನು ಕರೆಸಿ ಮುಳುಗುವ ತೋಟವೆಷ್ಟು, ಮೆಣಸು, ಏಲಕ್ಕಿ, ಕಾಡು ಎಷ್ಟು, ಬರುವ ಕರೆಂಟೆಷ್ಟು ಎಂದು ತಾಳೆ ನೋಡಿದರು. ಮೆಣಸು ತೂಗುವ ಸಂಘ ಅಣೆಕಟ್ಟನ್ನೂ ತೂಗಿತು. ಯೋಜನೆ ಮೂಲೆ ಸೇರಿತು. ಒಂದೆಕರೆ ತೋಟಕ್ಕೆ ಒಂಬತ್ತೆಕರೆವರೆಗೆ ಸೊಪ್ಪಿನ ಬೆಟ್ಟ ಬೇಕೆಂದು ತಲೆಮಾರುಗಳಿಂದ ಲೆಕ್ಕ ಇಟ್ಟವರಿಗೆ ಇದೇನು ಹೊಸ ವಿದ್ಯೆಯಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯವರು ಮರ ತಬ್ಬಿದ ಅಪ್ಪಿಕೋ ಚಳವಳಿ ಜಗತ್ತಿಗೇ ಗೊತ್ತು; ಅದಕ್ಕೂ ಮೊದಲಿನ ಈ ಲೆಕ್ಕದ ಪುಸ್ತಕ ಅಷ್ಟು ಗೊತ್ತಿಲ್ಲ. ಫೋಟೊಗೆ ಚೆಂದ ಕಾಣುವುದು ಮರವೇ ತಾನೆ!

ಹಾಗೆಂದು ಜಿಲ್ಲೆಗೆಲ್ಲ ಒಂದೇ ದನಿ ಎನ್ನುವುದು ಸುಳ್ಳು. ಕೈಗಾ ಅಣುಸ್ಥಾವರ ಬೇಡವೆಂದ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂತು.

ಈಗ ದೊಡ್ಡಮ್ಮನ ಕೊಟ್ಟಿಗೆಯಲ್ಲಿ ಎಂಟು ಗೂಟ, ಎರಡೇ ದನ. ತೆಳ್ಳೇವು ಮುಗಿಯುವಷ್ಟರಲ್ಲಿ ಗೋಬರ್ ಗ್ಯಾಸಿನ ಉರಿ ಕುಗ್ಗಿತು. ಆಸರಿಗೆಗೆಂದು ಚಹಾ ಇಡಲು ಪಕ್ಕದ ಸಿಲಿಂಡರ್ ಒಲೆ ಹಚ್ಚಿದಳು. ದೇಶದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2026ಕ್ಕೆಂದು ಅಮೆರಿಕದಿಂದ 22 ಲಕ್ಷ ಟನ್ ತರಿಸುವ ಒಪ್ಪಂದವನ್ನು ಸರ್ಕಾರಿ ಎಣ್ಣೆ ಕಂಪನಿಗಳು 2025ರ ನವೆಂಬರಿನಲ್ಲಿ ಮಾಡಿಕೊಂಡವು. ಅಮೆರಿಕದಲ್ಲಿ ಈ ಅನಿಲದ ಬಹುಪಾಲು ಬರುವುದು ಶೇಲ್ ಬಾವಿಗಳಿಂದ. ದೊಡ್ಡ ಬಾವಿಪ್ರದೇಶವೊಂದು ಇರುವುದು ಟೆಕ್ಸಾಸಿನ ಒಣನೆಲದಲ್ಲಿ.

ಹೇಳಿದೆ. ದೊಡ್ಡಮ್ಮ ಉರಿ ಸಣ್ಣ ಮಾಡಿ ಒಂದು ಗಳಿಗೆ ಸಿಲಿಂಡರ್ ಕಡೆ ನೋಡಿದಳು.

“ಅಲ್ಲಿಯವ್ಕೆ ಕುಡಿಯಲೆ ನೀರು ಸಾಕಾಗ್ತಡಾ?”