ಎಲುಬು ಕೂಡಿದರೂ ಉಳಿದ ನೋವು

ಎಲುಬು ಕೂಡಿತೆಂದರೆ ನೋವೂ ಹೋಗಬೇಕೆಂಬುದು ಲೋಕದ ಲೆಕ್ಕ. ಕಾಲಿನ ಹರಡು ಮುರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾತ್ರ ಈ ಲೆಕ್ಕವನ್ನು ಒಪ್ಪಲಾರರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮಳೆಗಾಲ ಬಂದಿತೆಂದರೆ ಅಂಗಳಕ್ಕೆ ಪಾಚಿ ಕಟ್ಟುವುದು. ತೋಟಕ್ಕಿಳಿಯುವ ಕಲ್ಲುಮೆಟ್ಟಲು ಜಾರುವುದು. ಹಳ್ಳದ ಮೇಲಣ ಸಂಕವು ನೆನೆದು ನುಣುಪಾಗುವುದು. ಒಂದು ಹೆಜ್ಜೆ ತಪ್ಪಿ ಪಾದ ಹೊರಳಿದರೆ ದೇಹದ ಭಾರವೆಲ್ಲವೂ ಹರಡಿನ ಮೇಲೆಯೇ ಬೀಳುವುದು.

ಈಚೆಗೆ ತುಂಗೆಯ ದಡಕ್ಕೆ ಸಮೀಪದ ಮನೆಯೊಂದರ ಜಗಲಿಯಲ್ಲಿ ನಾವು ಕುಳಿತಿದ್ದೆವು. ಯಜಮಾನರಿಗೆ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳು ಕಳೆದಿದ್ದವು. “ಎಲುಬು ಕೂಡಿದೆಯೆಂದು ಡಾಕ್ಟರು ಹೇಳಿದರು. ಆದರೂ ಬೆಳಿಗ್ಗೆ ಮೊದಲ ಹೆಜ್ಜೆ ಇಡಲಾರೆ. ಸಂಜೆಗೆ ಹರಡು ಊದುತ್ತದೆ. ಮನೆಯವರಿಗೆ ಇದು ನೆಪವೆಂದು ತೋರುತ್ತದೆ. ಈ ವರ್ಷದ ಕೊನೆಕೊಯ್ಲಿಗೆ ತೋಟಕ್ಕಿಳಿಯುವೆನೋ ಇಲ್ಲವೋ!” ಎಂದರು. ಅವರ ಮಾತಿನಲ್ಲಿ ನೋವಿಗಿಂತ ಅವಮಾನವೇ ಹೆಚ್ಚಾಗಿದ್ದಿತು. ಅಂಥವರಿಗಾಗಿಯೂ ಅವರ ಮನೆಯವರಿಗಾಗಿಯೂ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಹರಡೆಂಬುದು ಒಂದೇ ಎಲುಬಲ್ಲ. ಮೊಣಕಾಲಿನ ಕೆಳಗಣ ಎರಡು ಎಲುಬುಗಳ ತುದಿಗಳು ಇಕ್ಕಳದಂತೆ ಹಿಡಿದಿರುವ ನಡುವೆ ಪಾದದ ಎಲುಬೊಂದು ಕುಳಿತು ಆಡುವುದು. ಸುತ್ತಲೂ ಗಟ್ಟಿಯಾದ ನಾರುಗಳು ಈ ಕೀಲನ್ನು ಕಟ್ಟಿರುವುವು. ಮುರಿತವಾದಾಗ ಎಲುಬಿನೊಡನೆ ಈ ನಾರುಗಳೂ, ಕೀಲಿನೊಳಗಣ ಮೃದ್ವಸ್ಥಿಯೂ, ನರಗಳೂ ಪೆಟ್ಟು ತಿನ್ನಬಹುದು. ಎಲುಬು ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಕೂಡುವುದು. ಎಕ್ಸ್‌ರೇ ಚಿತ್ರದಲ್ಲಿ ಕಾಣುವುದು ಅದೇ. ನಾರಿನ ಬಿಗಿತವೂ ಸ್ನಾಯುವಿನ ಸೊರಗೂ ಅದರಲ್ಲಿ ಕಾಣವು. ಆದುದರಿಂದಲೇ ಊತವೂ ನೋವೂ ಹಲವು ತಿಂಗಳು, ಕೆಲವರಿಗೆ ವರ್ಷ ಮೀರಿಯೂ ಉಳಿಯುವುದುಂಟು. ಇದು ನೆಪವಲ್ಲ.

ಹಿಂದೆ ಮುರಿದ ಕಾಲನ್ನು ಬಹುಕಾಲ ಕಟ್ಟಿಯೇ ಇಡುತ್ತಿದ್ದರು. ಎಲುಬು ಕೂಡಿದರೂ ಕೀಲು ಮರಗಟ್ಟುತ್ತಿತ್ತು. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಸಂಘ ಕಟ್ಟಿಕೊಂಡು, ಲೋಹದ ಪಟ್ಟಿ ತಿರುಪುಗಳಿಂದ ಎಲುಬನ್ನು ಬಿಗಿದು ಕೀಲನ್ನು ಬೇಗನೆ ಆಡಿಸುವ ಕ್ರಮವನ್ನು ಬಳಕೆಗೆ ತಂದರು. ಆದುದರಿಂದ, ಒಳಗೆ ಪಟ್ಟಿಯಿದೆಯೆಂದು ಹೆದರಿ ಪಾದವನ್ನು ಅಲುಗಿಸದೆ ಇರುವುದು ಚಿಕಿತ್ಸೆಯ ಉದ್ದೇಶವನ್ನೇ ಕೆಡಿಸಿದಂತೆ.

ವೈದ್ಯರ ಒಪ್ಪಿಗೆ ದೊರೆತ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಪಾದವನ್ನು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಆಡಿಸಬೇಕು. ಕಾಲು ಚಾಚಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುವುದು ಒಳ್ಳೆಯ ಅಭ್ಯಾಸ. ಮೊಮ್ಮಕ್ಕಳು ಜತೆಗೂಡಿದರೆ ಬೇಸರವೂ ಕಳೆಯುವುದು. ಊತ ಬಂದಾಗ ಮಲಗಿ, ದಿಂಬುಗಳ ಮೇಲೆ ಕಾಲನ್ನು ಎದೆಗಿಂತ ಎತ್ತರದಲ್ಲಿಡಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು. ಕೋಲನ್ನು ನೊಂದ ಕಾಲಿನ ಕಡೆಯಲ್ಲಲ್ಲ, ಅದರ ಎದುರು ಕೈಯಲ್ಲಿ ಹಿಡಿಯತಕ್ಕದ್ದು. ಮೆಟ್ಟಲು ಹತ್ತುವಾಗ ಒಳ್ಳೆಯ ಕಾಲು ಮುಂದು; ಇಳಿಯುವಾಗ ನೊಂದ ಕಾಲು ಮುಂದು. ಒಂದು ದಿನ ಹೆಚ್ಚು ನಡೆದು ಮರುದಿನವೆಲ್ಲ ಮಲಗುವುದಕ್ಕಿಂತ, ದಿನವೂ ಸ್ವಲ್ಪ ಸ್ವಲ್ಪ ನಡೆಯುವುದು ಲೇಸು.

ನಮ್ಮ ಅಡಿಕೆಯ ಸೀಮೆಯವರಿಗೆ ಒಂದು ಮಾತು ಕಹಿಯಾಗಬಹುದು. ಎಲೆಯಡಿಕೆಯೊಡನೆ ಮೆಲ್ಲುವ ಹೊಗೆಸೊಪ್ಪೂ, ಬೀಡಿಯೂ ಎಲುಬು ಕೂಡುವುದನ್ನು ತಡಮಾಡುವುವು. ಕಾಲು ಗುಣವಾಗುವ ತನಕವಾದರೂ ಅವನ್ನು ದೂರವಿಡಬೇಕು. ಬಿಗಿತವನ್ನು ಬಿಡಿಸುವೆವೆಂದು ಎಣ್ಣೆ ಹಚ್ಚಿ ಬಲವಾಗಿ ತಿರುಚುವವರ ಕೈಗೆ ಪಟ್ಟಿ ಹಾಕಿದ ಕಾಲನ್ನು ಕೊಡಕೂಡದು.

ಎಲ್ಲ ನೋವೂ ಸಹಿಸತಕ್ಕ ನೋವಲ್ಲ. ದಿನೇ ದಿನೇ ಕಡಿಮೆಯಾಗುವ ಬದಲು ಹೆಚ್ಚುವ ನೋವು, ಜ್ವರ, ಗಾಯದಲ್ಲಿ ಕೆಂಪು ಅಥವಾ ಕೀವು, ಪಟ್ಟಿಯ ತಿರುಪು ಚರ್ಮವನ್ನು ಒತ್ತುವುದು ಇವುಗಳಿದ್ದರೆ ಶಸ್ತ್ರವೈದ್ಯರಿಗೆ ತಡವಿಲ್ಲದೆ ತೋರಿಸಬೇಕು. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಇದರೊಡನೆ ಏದುಸಿರು ಅಥವಾ ಎದೆನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಬೆಟ್ಟದ ಊರುಗಳಲ್ಲಿ ದಾರಿಯೇ ಅರ್ಧ ಹೊತ್ತನ್ನು ನುಂಗುವುದು.

ಮನೆಯವರ ಕರ್ತವ್ಯವೂ ಸಣ್ಣದಲ್ಲ. ಅಂಗಳದ ಪಾಚಿಯನ್ನು ಉಜ್ಜಿ ತೆಗೆಯುವುದು, ಬಚ್ಚಲಿನಲ್ಲಿ ಹಿಡಿಯಲು ಆಸರೆ ಮಾಡಿಸುವುದು, ರಾತ್ರಿ ದಾರಿಯಲ್ಲಿ ದೀಪವಿಡುವುದು ಇವೆಲ್ಲವೂ ಔಷಧಕ್ಕೆ ಸಮಾನ. “ಇನ್ನೂ ನೋವೇ?” ಎಂಬ ಪ್ರಶ್ನೆಯನ್ನು ಬಿಟ್ಟು “ನಿನ್ನೆಗಿಂತ ಹೇಗಿದೆ?” ಎಂದು ಕೇಳಿದರೆ ಸಾಕು.

ನಾವು ಹೊರಡುವ ಹೊತ್ತಿಗೆ ಆ ಯಜಮಾನರ ಪತ್ನಿ ಒಳಗಿನಿಂದ ಎರಡು ದಿಂಬುಗಳನ್ನು ತಂದು ಅವರ ಕಾಲಿನ ಕೆಳಗಿಟ್ಟರು. “ಈ ಸಲ ಕೊಯ್ಲನ್ನು ಜಗಲಿಯಿಂದಲೇ ನೋಡಿಕೊಳ್ಳಿ, ತೋಟವೇನು ಓಡಿಹೋಗುವುದೇ?” ಎಂದರು. ಅಂದು ಮೊದಲ ಬಾರಿಗೆ ಯಜಮಾನರು ನಕ್ಕರು.